ತಿದ್ದಿ ಕೊಟ್ಟ ಮೇಲೆ ಎಷ್ಟು ದಿನ ಕಾಯಬೇಕು

ಬೆಳಿಗ್ಗೆ ಡಬ್ಬದಿಂದ ಅವರೆಕಾಳು ತೆಗೆದೆ. ಹುಳ ಹಿಡಿದಿತ್ತು. ಹುಳ ಹಿಡಿದ ಅವರೆಗೆ ಒಂದು ವಾಸನೆ ಇದೆ, ಒಣ ಮಣ್ಣಿಗೆ ಒಂದಿಷ್ಟು ಕಮಟು ಸೇರಿದ ಹಾಗೆ. ಮೊರಕ್ಕೆ ಸುರಿದು ಬಿಸಿಲಿಗಿಟ್ಟು ಪಕ್ಕದಲ್ಲೇ ಕೂತೆ. ಕೂತವಳಿಗೆ ಕನಕಪುರದ ಮೇಷ್ಟ್ರ ಮನೆಯ ಅಟ್ಟ ನೆನಪಾಯಿತು. ನಿಮಗೆ ಹೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ಹೊತ್ತಿಲ್ಲದಿದ್ದರೆ ಇಷ್ಟು ಕೇಳಿಕೊಂಡು ಹೋಗಿ: ಬರೆದದ್ದನ್ನು ತಿದ್ದಿ ಯಾರಿಗಾದರೂ ಕೊಟ್ಟರೆ, ಮತ್ತೆ ಯಾವತ್ತು ಬಂದು ವಿಚಾರಿಸಲಿ ಎಂದು ಕೊಡುವಾಗಲೇ ಕೇಳಿ. ನಾನು ಕೇಳಲಿಲ್ಲ.

ನಾನು ಶಾಲೆಗೆ ಹೋದವಳಲ್ಲ. ನಲವತ್ತು ದಾಟಿದ ಮೇಲೆ ಸಾಕ್ಷರತೆ ಕ್ಲಾಸಿನಲ್ಲಿ ಅಕ್ಷರ ಕಲಿತೆ. ಒತ್ತಕ್ಷರಗಳು ಇವತ್ತಿಗೂ ನನ್ನ ಮಾತು ಕೇಳುವುದಿಲ್ಲ. ಕಲಿತ ಮೇಲೆ ಬರೆಯುವುದಕ್ಕೆ ಏನಾದರೂ ಬೇಕಲ್ಲ? ಹಾರೋಹಳ್ಳಿ ಸುತ್ತಮುತ್ತ ಹೊಲಗಳೆಲ್ಲ ಫ್ಯಾಕ್ಟರಿಗಳಿಗೆ ಹೋಗುತ್ತಿದ್ದ ಕಾಲ. ನಮ್ಮವೂ ಹೋದವು. ನಾನೇನು ಅಳಲಿಲ್ಲ. ಕಳೆ ಕಿತ್ತು ಕಿತ್ತು ಸೊಂಟ ಬಿದ್ದುಹೋಗಿತ್ತು, ನಿಜ ಹೇಳಬೇಕೆಂದರೆ ಹಗುರವೇ ಆಯಿತು. ಆದರೆ ಯಂತ್ರ ಬಂದು ಬದುಗಳನ್ನೆಲ್ಲ ಸಮ ಮಾಡಿದ ಮೇಲೆ, ಕೋಡಿ ಹೊಲ ಎಲ್ಲಿ ಮುಗಿಯುತ್ತಿತ್ತು, ಬಸರಿಮರದ ಹೊಲ ಎಲ್ಲಿ ಶುರುವಾಗುತ್ತಿತ್ತು ಎಂದು ನಿಂತು ನೋಡಿದರೆ ನನಗೇ ತಿಳಿಯಲಿಲ್ಲ. ಮನೆಗೆ ಬಂದು ನೋಟ್ ಬುಕ್ಕಿನಲ್ಲಿ ಊರಿನ ಹೊಲಗಳ ಹೆಸರನ್ನೆಲ್ಲ ಬರೆದಿಟ್ಟೆ.

ಸಾಕ್ಷರತೆ ಕ್ಲಾಸಿಗೆ ಬಂದಿದ್ದಾಗ ಅದನ್ನು ನೋಡಿದವರು ಮೇಷ್ಟ್ರು. ಕನಕಪುರದವರು. ರಿಟೈರಾದ ಮೇಲೆ, ಹಳ್ಳಿಯವರು ಬರೆದದ್ದನ್ನು ಓದಿ, ತಿದ್ದಿಸಿ, ಬೆಂಗಳೂರಿನ ಪ್ರಕಾಶಕರಿಗೆ ಒಪ್ಪಿಸಿ ಪುಸ್ತಕ ಮಾಡಿಸುತ್ತಿದ್ದರು. ಜಮೀನಿಗೆ ಏಜೆಂಟು, ಇನ್ಷೂರೆನ್ಸಿಗೆ ಏಜೆಂಟು ಎಲ್ಲ ನೋಡಿದ್ದೆ; ಪುಸ್ತಕಕ್ಕೂ ಏಜೆಂಟು ಇರುತ್ತಾರೆಂದು ಆಗ ಗೊತ್ತಾಯಿತು. ನನ್ನ ನೋಟ್ ಬುಕ್ಕಿನ ತುಂಬ ಕೆಂಪು ಗೀಟು ಎಳೆದು ಕೊಟ್ಟರು.

"ಅಮ್ಮ, ಬರೀ ಹೆಸರಿದ್ರೆ ಯಾರು ಓದ್ತಾರೆ? 'ಅತ್ತೆ ಮುನಿಸ್ಕೊಂಡ ಹೊಲ' ಅಂತ ಬರ್ದಿದ್ದೀರಿ. ಯಾರ ಅತ್ತೆ? ಯಾಕೆ ಮುನಿಸ್ಕೊಂಡ್ಲು? ಅದನ್ನ ಬರೀರಿ."

ಅದು ನನಗೆಲ್ಲಿ ಗೊತ್ತು? ಗೊತ್ತಿದ್ದದ್ದು ನನ್ನ ವಾರಗಿತ್ತಿ ಪುಟ್ಟತಾಯಮ್ಮನಿಗೆ. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಆಗಲೇ ಉಬ್ಬಸ. ಮಾತಿಗೊಂದು ಸಲ ನಿಲ್ಲಿಸಿ ಉಸಿರು ಎಳೆಯುತ್ತಿದ್ದಳು. ಅವಳು ಹೇಳಿದಳು, ನಾನು ಬರೆದೆ, ಒಂದು ಬೇಸಿಗೆ ಪೂರ್ತಿ. ನಾವಿಬ್ಬರೂ ಮೂವತ್ತು ವರ್ಷ ಒಂದೇ ಒಲೆಗೆ ಜಗಳವಾಡಿದವರು. ಆ ಬೇಸಿಗೆಯಲ್ಲಿ ಮಾತ್ರ ಜಗಳವಾಡಲಿಲ್ಲ. ಅವಳಿಗೆ ಉಸಿರಿರಲಿಲ್ಲ, ನನಗೆ ಒತ್ತಕ್ಷರದ ಚಿಂತೆ.

"ಅಚ್ಚಾದ್ಮೇಲೆ ನಂಗೆ ಓದಿ ಹೇಳ್ಬೇಕು ಕನಮ್ಮಿ," ಎಂದಳು. "ಬದುವ ಕಿತ್ತಾಕ್ದಂಗೆ ಅದನ್ನ ಯಾರೂ ಕಿತ್ತಾಕಕಾಗಕಿಲ್ಲ."

ಅವಳು ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ.

ತಿದ್ದಿದ ನೋಟ್ ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದೆ. ಒಬ್ಬರ ಮನೆಗೆ ಬರಿಗೈಲಿ ಹೋಗುವುದು ನಮ್ಮಲ್ಲಿಲ್ಲ. ಒಂದು ಚೀಲ ಒಣ ಅವರೆಕಾಳು ತೆಗೆದುಕೊಂಡೆ. ಬಸ್ಸಿನ ನೂಕಾಟದಲ್ಲಿ ಬುಕ್ಕು ಮುದುರಬಾರದೆಂದು ಅದನ್ನು ಕಾಳಿನ ಅಡಿಯಲ್ಲಿಟ್ಟೆ. ಮೇಷ್ಟ್ರು ಮನೆಯಲ್ಲಿರಲಿಲ್ಲ. ಅವರ ತಾಯಿ ಇದ್ದರು. "ಇದು ಮೇಷ್ಟ್ರಿಗೆ" ಎಂದು ಚೀಲ ಕೊಟ್ಟೆ. ಕಾಫಿ ಕುಡಿದೆ. ಬಂದೆ. ಅಡಿಯಲ್ಲಿ ನೋಟ್ ಬುಕ್ಕಿದೆ ಎಂದು ಹೇಳಬಾರದಿತ್ತೇ ಎನ್ನುತ್ತೀರಿ. ಕಾಳು ಕೊಟ್ಟು, ಅದೇ ಉಸಿರಿನಲ್ಲಿ ನನ್ನ ಕೆಲಸದ ಮಾತೆತ್ತಿದರೆ ಅದು ಉಡುಗೊರೆಯೇ ಅಲ್ಲ, ಲಂಚ. ಹೇಗೂ ಕಾಳು ಸುರಿದಾಗ ಸಿಗುತ್ತದೆ ಎಂದುಕೊಂಡೆ.

ಆಮೇಲೆ ಕಾದೆ. ಒಂದು ತಿಂಗಳಿಗೆ ಓದುತ್ತಿರಬೇಕು ಎಂದುಕೊಂಡೆ. ಎರಡಕ್ಕೆ, ಬೆಂಗಳೂರಿಗೆ ಕಳಿಸಿರಬೇಕು. ಮೂರಕ್ಕೆ ಅಕ್ಕ ಶುರು ಮಾಡಿದಳು.

"ಅಂಗ್ಡೀಲಿ ಕಾಯಿನ್ ಬಾಕ್ಸ್ ಫೋನೈತಲ್ಲಮ್ಮಿ. ಒಂದ್ ಮಾತು ಕೇಳಕೆ ಏನ್ ರೋಗ ನಿಂಗೆ?"

"ಹೆಣ್ಣು ನೋಡ್ಕೊಂಡು ಹೋದೋರ ಮನೆಗೆ ಹೆಣ್ಣಿನ ಕಡೆಯೋರು ಹೋಗಿ, ಒಪ್ಗೆ ಆಯ್ತಾ ಅಂತ ಕೇಳ್ತಾರೇನಕ್ಕ? ಅವ್ರೇ ಹೇಳಿ ಕಳುಸ್ತಾರೆ."

"ನಿನ್ನ ಬುಕ್ಕೇನು ಮದ್ವೆ ಆಗಿ ಮಕ್ಕಳ ಹೆರಬೇಕಾ?"

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾನು ಅವಳ ಬೆನ್ನು ನೀವಿದೆ. ಆಗಲೂ ನಾನು ಹೋಗಲಿಲ್ಲ. ಒಳಗಿದ್ದದ್ದು ಮರ್ಯಾದೆಯೂ ಅಲ್ಲ, ಹೆದರಿಕೆ. ಕೇಳಿದರೆ ತಾನೇ ಬೇಡ ಎನ್ನುವುದು? ಕೇಳದಿದ್ದರೆ ಇನ್ನೂ ಓದುತ್ತಿದ್ದಾರೆ ಎಂದುಕೊಂಡು ಇರಬಹುದಲ್ಲ.

ಐದನೇ ತಿಂಗಳು. ಒಂದು ಬೆಳಿಗ್ಗೆ ಅಕ್ಕ ಗಂಜಿ ಬೇಡವೆಂದಳು. ಗೋಡೆಗೆ ಒರಗಿ ಕೂತು, ಬಹಳ ಸಲೀಸಾಗಿ ಹೇಳಿದಳು:

"ನೀನು ಮಾನ ಕಾಯ್ಕಂಡು ಕೂತ್ಕೊ. ನಾನು ಹೊಂಟೆ."

ಬಟ್ಟಲು ಕೆಳಗಿಟ್ಟು ಎದ್ದೆ. ಫ್ಯಾಕ್ಟರಿ ಪಾಳಿ ಮುಗಿಸಿದ ಹುಡುಗಿಯರು ತುಂಬಿದ್ದ ಬಸ್ಸಿನಲ್ಲಿ ನಿಂತುಕೊಂಡೇ ಕನಕಪುರ ಸೇರಿದೆ.

ಮೇಷ್ಟ್ರು ನನ್ನನ್ನು ನೋಡಿ ಗಡಬಡಿಸಿ ಎದ್ದರು. "ಬನ್ನಿ ಅಮ್ಮ. ಅಷ್ಟೊಂದು ಗೀಟು ಹಾಕ್ಬಾರ್ದಿತ್ತು ನಾನು. ಬೇಜಾರಾಗಿ ಬಿಟ್ಟೇಬಿಟ್ರೇನೋ ಅಂತ... ಯಾವ ಮುಖ ಇಟ್ಕೊಂಡು ವಿಚಾರಿಸ್ಲಿ ಅಂತ ನಾನೂ ಸುಮ್ನಾದೆ."

"ತಿದ್ದಿ ತಂದು ಕೊಟ್ಟು ಐದು ತಿಂಗಳಾಯ್ತಲ್ಲ ಮೇಷ್ಟ್ರೇ!"

"ಯಾರಿಗೆ ಕೊಟ್ರಿ?"

ಅವರ ತಾಯಿ ಅಡುಗೆಮನೆಯಿಂದ ಇಣುಕಿದರು. "ಅಯ್ಯೋ ನನ್ನವ್ವ, ಕಾಳು ತಂದ್ಕೊಟ್ಟಿದ್ದೋರಲ್ವಾ ನೀವು? ಹಬ್ಬಕ್ಕೆ ಆಗ್ಲಿ ಅಂತ ಕಟ್ಟಿದ್ದ ಗಂಟೂ ಬಿಚ್ಚದೆ ಅಟ್ಟಕ್ಕೆ ಹಾಕ್ಸಿವ್ನಿ."

ಮೇಷ್ಟ್ರೇ ಏಣಿ ಹತ್ತಿ ಚೀಲ ಇಳಿಸಿದರು. ಬಿಚ್ಚಿದರೆ ಆ ವಾಸನೆ. ಒಂದು ಕಾಳೂ ಬಿಡದೆ ತೂತು. ಮೊಣಕೈವರೆಗೆ ಕೈ ಹಾಕಿ ಕವರು ತೆಗೆದೆ, ಹಿಟ್ಟಿನಂಥ ಪುಡಿ ಒರೆಸಿದೆ. ಬುಕ್ಕಿಗೆ ಏನೂ ಆಗಿರಲಿಲ್ಲ. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು ಓದತೊಡಗಿದರು. ಎರಡು ಹಾಳೆ ತಿರುವಿ ತಲೆ ಎತ್ತಿದರು. "ಇದನ್ನ ಕಾಳಿನಡಿ ಬಚ್ಚಿಟ್ಟಿದ್ರಲ್ಲ" ಎಂದರು, ಅಷ್ಟೇ.

"ಯಾವಾಗ ಅಚ್ಚಾಯ್ತದೆ?" ನಾನು ಬಾಯಿ ಬಿಟ್ಟು ಕೇಳಿದೆ.

"ಸುಳ್ಳು ಹೇಳಲ್ಲ. ಒಂದ್ ವರ್ಷ ಆಗ್ಬೋದು."

"ಅಷ್ಟು ದಿನ ನಮ್ಮತ್ರ ಇಲ್ಲ. ಬರ್ಸಿದೋಳು ಮಲಗವ್ಳೆ."

ಆ ಭಾನುವಾರ ಮೇಷ್ಟ್ರು ಮೊದಲ ಬಸ್ಸಿಗೇ ಊರಿಗೆ ಬಂದರು. ಅಕ್ಕನ ಚಾಪೆಯ ಪಕ್ಕ ಕೂತು ಗಟ್ಟಿಯಾಗಿ ಓದಿದರು. ಅವರ ಬಾಯಿಯಲ್ಲಿ ಕೇಳುವಾಗ ಅದು ನಮ್ಮ ಊರಿನದೇ ಮಾತೆಂದು ನನಗೆ ನಂಬಿಕೆ ಬರಲಿಲ್ಲ. ಅಕ್ಕ ಕಣ್ಣು ಮುಚ್ಚಿದ್ದಳು, ನಿದ್ದೆ ಬಂತೇನೋ ಎಂದುಕೊಂಡೆ. ಕೋಡಿ ಹೊಲದಲ್ಲಿ ಕರಿ ಎತ್ತು ಮಲಗಿಬಿಟ್ಟ ಕಡೆ ಬಂದಾಗ ಕೈ ಎತ್ತಿದಳು.

"ಕರಿ ಅಲ್ಲ ಮೇಷ್ಟ್ರೇ. ಕೆಂದ, ಕೆಂಪೆತ್ತು. ಇವ್ಳು ಆಗಿನ್ನೂ ಈ ಮನೆಗೆ ಬಂದಿರ್ಲಿಲ್ಲ, ಇವ್ಳಿಗೇನ್ ಗೊತ್ತು?"

ಮೇಷ್ಟ್ರು ಪೆನ್ನು ತೆಗೆದು, ಕರಿ ಎಂಬುದಕ್ಕೆ ಗೀಟು ಹಾಕಿ, ಕೆಂದ ಎಂದು ಬರೆದು, ಮತ್ತೆ ಓದಿ ತೋರಿಸಿದರು. "ಈಗ ಸರ್ಯಾಯ್ತಾ ಅವ್ವ?"

"ಈಗ ಸರ್ಯಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಅಚ್ಚಾದ್ರೆ ಆಗ್ಲಿ, ಬುಟ್ರೆ ಬುಡ್ಲಿ. ನಂದು ಕೇಳಿದ್ದಾಯ್ತು" ಎಂದಳು.

ಇಪ್ಪತ್ತು ದಿನಕ್ಕೆ ಹೋದಳು. ಪುಸ್ತಕ ಬಂದದ್ದು ಮುಂದಿನ ವರ್ಷ. ನಾನು ಇನ್ನೊಂದು ತಿಂಗಳು ಮಾನ ಕಾದಿದ್ದರೆ ಆ ಎತ್ತು ಕರಿಯಾಗಿಯೇ ಅಚ್ಚಾಗುತ್ತಿತ್ತು, ಅವಳು ಒಂದು ಸಾಲೂ ಕೇಳಿಸಿಕೊಳ್ಳದೆ ಹೋಗುತ್ತಿದ್ದಳು. ಮೊದಲ ತಿಂಗಳೇ ಹೋಗಿ ಕೇಳಿದ್ದರೆ ಎಂಬುದನ್ನು ನಾನು ಹೆಚ್ಚು ಯೋಚಿಸುವುದಿಲ್ಲ. ಯೋಚಿಸಿ ಏನು ಬಂತು?

ಈಗ ಇನ್ನೊಂದು ಬರೆದಿದ್ದೇನೆ, ಅಕ್ಕನ ಬಗ್ಗೆಯೇ. ಮೇಷ್ಟ್ರು ಹೇಳಿದ್ದನ್ನೆಲ್ಲ ತಿದ್ದಿ, ಹೋದ ತಿಂಗಳು ಅವರ ಕೈಗೇ ಕೊಟ್ಟೆ. ಯಾವತ್ತು ವಿಚಾರಿಸಲಿ ಎಂದೆ. ಅವರು ಹೇಳಿದ ದಿನ ಇವತ್ತು. ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡಿದೆ. ಇನ್ನೂ ಅರ್ಧದಲ್ಲಿದ್ದಾರಂತೆ. ಹಿಂದೆ ಆಗಿದ್ದರೆ ಈ ಮಾತಿಗೆ ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ. "ಸರಿ, ಸೋಮವಾರ ಮತ್ತೆ ಮಾಡ್ತೀನಿ" ಎಂದೆ. "ಮಾಡಿ ಅಮ್ಮ, ಮರೀಬೇಡಿ" ಎಂದರು. ಫೋನು ಇಡುವ ಮುಂಚೆ ಅವರ ಮೊಣಕಾಲು ನೋವು ಹೇಗಿದೆ ಎಂದು ಕೇಳಿದೆ. ಅದರ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.