ಠಸ್ಸೆ ಅಕ್ಕ ಒತ್ತಿದ ಸೆಕೆಂಡ್ಸ್

ಎತ್ತರದ ಕಟ್ಟಡಗಳಲ್ಲಿ ದುಡಿಯುವವರು ಸೊಂಟಕ್ಕೆ ಬಿಗಿದುಕೊಳ್ಳುವ ಬೆಲ್ಟುಗಳನ್ನು ಹೊಲಿಯುವ ಕಾರ್ಖಾನೆ ಅದು. ಹತ್ತೊಂಬತ್ತು ವರ್ಷ ಅವಳು ಅಲ್ಲಿ ತಪಾಸಣೆಯ ಮೇಜಿನ ಮುಂದೆ ನಿಂತಿದ್ದಳು. ಹೊಲಿಗೆ ಬಿಟ್ಟಿದ್ದೋ ಕೊಂಡಿ ಬಿರುಕು ಬಿಟ್ಟಿದ್ದೋ ಕಣ್ಣಿಗೆ ಬಿದ್ದರೆ, ಇಂಗ್ಲಿಷಿನಲ್ಲಿ ‘ಸೆಕೆಂಡ್ಸ್’ ಎಂದಿದ್ದ ಕೆಂಪು ಠಸ್ಸೆಯನ್ನು ಧಡ್ಡೆಂದು ಒತ್ತಿ ಬುಟ್ಟಿಗೆ ಎಸೆಯುವಳು. ಅವಳಿಗೆ ಓದಲು ಬರುತ್ತಿದ್ದ ಇಂಗ್ಲಿಷ್ ಅದೊಂದೇ. ಎಲ್ಲರ ಬಾಯಲ್ಲೂ ಅವಳು ಠಸ್ಸೆ ಅಕ್ಕ. ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಹೇಳಿಕೊಟ್ಟಿದ್ದ: “ಈ ಠಸ್ಸೆ ಬಿತ್ತು ಅಂದ್ರೆ ಬೆಲ್ಟು ಕತ್ತರಿಗೆ ಹೋಗ್ಬೇಕು, ಮನುಷ್ಯನ ಸೊಂಟಕ್ಕಲ್ಲ.”

ಅವಳ ತಮ್ಮ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವನು. ಬಾಯಿ ತೆಗೆದರೆ ತಮಾಷೆ. “ಅಕ್ಕ, ನೀನು ಬೈಯೋದು ಅಷ್ಟು ಎತ್ತರಕ್ಕೆ ಕೇಳಿಸಲ್ಲ ಅಂತಾನೇ ಈ ಕೆಲಸ ಹಿಡಿದೆ” ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಅವನು ಒಂಬತ್ತನೇ ಮಹಡಿಯಿಂದ ಬಿದ್ದ. ಠಾಣೆಯಲ್ಲಿ ಗುರುತು ಹಿಡಿಯಲೆಂದು ಅವನ ಬಟ್ಟೆ, ಚಪ್ಪಲಿ, ತುಂಡಾದ ಬೆಲ್ಟು ಎಲ್ಲವನ್ನೂ ಮುಂದಿಟ್ಟರು. ಅವಳು ಅಭ್ಯಾಸಬಲದಿಂದ ಬೆಲ್ಟನ್ನು ತಿರುಗಿಸಿ ನೋಡಿದಳು. ಒಳಮೈಯಲ್ಲಿ ಏನೋ ಹಾಕಿ ಉಜ್ಜಿದ ಕಲೆ. ಅದರಡಿ ಮಾಸಿದ ಕೆಂಪು. ಎಡಕ್ಕೆ ವಾಲಿ ಬಿದ್ದ ಅವಳದೇ ಠಸ್ಸೆ. ಅವಳು ಎಸೆದದ್ದನ್ನು ಯಾರೋ ತೊಳೆದು ಮಾರಿದ್ದರು.

ಕಾರ್ಮಿಕ ಇಲಾಖೆಯ ವಿಚಾರಣೆಗೆ ಕಾರ್ಖಾನೆ ಮಾಲೀಕರ ವಕೀಲ ದಪ್ಪನೆಯ ನಿಘಂಟು ಹೊತ್ತು ತಂದಿದ್ದ. “ಸೆಕೆಂಡ್ ಅಂದ್ರೆ ಎರಡನೇದು, ಅಷ್ಟೇ. ಲ್ಯಾಟಿನ್‌ನಲ್ಲಿ ಇದರ ಮೂಲ ಅರ್ಥ ‘ಹಿಂಬಾಲಿಸಿ ಬರೋದು’. ಗಂಟೆಯನ್ನ ಒಂದು ಸಲ ಭಾಗ ಮಾಡಿದ್ರೆ ನಿಮಿಷ, ಎರಡನೇ ಸಲ ಮಾಡಿದ್ರೆ ಸೆಕೆಂಡ್. ಸೆಕೆಂಡ್ಸ್ ಅಂತ ಅಗ್ಗಕ್ಕೆ ಮಾರೋ ಶರ್ಟು ಹಾಕ್ಕೊಂಡು ಯಾರಾದ್ರೂ ಸತ್ತಿದಾರಾ? ಬಳಸಬಾರದು ಅಂತ ಇದರಲ್ಲೆಲ್ಲಿದೆ?”

ತಮ್ಮನ ಜೊತೆಗಾರನನ್ನು ಕರೆದರು. “ನನ್ನ ಕಡೆ ತಿರುಗಿ ಏನೋ ಹೇಳೋಕೆ ಹೊರಟಿದ್ದ ಸಾರ್. ಒಂದು ಸೆಕೆಂಡು. ಆಮೇಲೆ ನೋಡಿದ್ರೆ ಬರೀ ಹಗ್ಗ” ಎಂದು ಅವನು ತಲೆ ತಗ್ಗಿಸಿದ.

ಅಧಿಕಾರಿ ಇವಳತ್ತ ತಿರುಗಿದರು. “ನೀವೇನಂತೀರಮ್ಮಾ?”

“ಪುಸ್ತಕದ್ದು ನಂಗೊತ್ತಿಲ್ಲ ಸಾರ್. ಠಸ್ಸೆ ಒತ್ತಿದ್ದು ನಾನು. ನಮ್ಮ ಮೇಜಿನ ಮೇಲೆ ಅದಕ್ಕೆ ಒಂದೇ ಅರ್ಥ. ಇದನ್ನ ನಂಬಿ ಯಾರೂ ನೇತಾಡಬಾರದು.”

“ಹಾಗಂತ ಬರೆದಿಟ್ಟಿದಾರಾ?” ಎಂದ ವಕೀಲ.

ಬರೆದಿಟ್ಟಿರಲಿಲ್ಲ. ಮೇಸ್ತ್ರಿ ತನ್ನ ಬೂಟುಗಳನ್ನೇ ನೋಡುತ್ತಾ, ತಾನೇನು ಹೇಳಿದ್ದೆನೋ ನೆನಪಿಲ್ಲ ಎಂದುಬಿಟ್ಟ.

ಪದದ ಅರ್ಥ ಸ್ಪಷ್ಟವಿಲ್ಲ, ಸತ್ತವನದೇ ಅಜಾಗ್ರತೆ ಎಂದು ವರದಿ ಬಂತು. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು.

ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಾಳೆ. ಕೆಲಸಗಾರರ ಬೆಲ್ಟು ಬಿಚ್ಚಿಸಿ ಒಳಮೈ ನೋಡುತ್ತಾಳೆ. ಕಾವಲುಗಾರರು ಹುಚ್ಚಿ ಎಂದು ಗದರಿಸಿ ಅಟ್ಟುತ್ತಾರೆ. ಮೊನ್ನೆ ಒಬ್ಬನ ಬೆಲ್ಟಿನಲ್ಲಿ ಆ ಉಜ್ಜಿದ ಕಲೆ ಸಿಕ್ಕಿತು. “ಇದು ಬೇಡ ಕಣಪ್ಪಾ, ದಮ್ಮಯ್ಯ ಅಂತೀನಿ” ಎಂದು ಅವಳು ಅದನ್ನು ಎದೆಗವಚಿಕೊಂಡಳು.

ಅವನು ಮೆಲ್ಲಗೆ ಅವಳ ಬೆರಳು ಬಿಡಿಸಿದ. “ಬೇರೆ ಇಲ್ಲ ಅಕ್ಕ” ಎಂದು, ಅದನ್ನೇ ಸೊಂಟಕ್ಕೆ ಬಿಗಿದುಕೊಂಡು ಏಣಿ ಹತ್ತಿದ.