ಹೋಲ್ಡಾನ್ ಮಾವ ಗಾಡಿ ಬಿಡಿಸಿದ ಬೆಳಿಗ್ಗೆ

ಹೋಲ್ಡಾನ್ ಮಾವ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದಾಗ ಬಸ್ಸು ಅವರನ್ನು ಬಿಟ್ಟಿತೇ ಹೊರತು ಅವರು ಬಸ್ಸನ್ನು ಬಿಡಲಿಲ್ಲ. ಊಟಕ್ಕೆ ಕೂತವರನ್ನೂ "ಸ್ವಲ್ಪ ಒಳಗೆ ಹೋಗಿ, ಒಳಗೆ ಹೋಗಿ" ಎಂದು ಸರಿಸುತ್ತಿದ್ದರು. ಸೊಸೆ ಬಿಸಿ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಟರೆ, ಎದುರಿಗೆ ಬರುತ್ತಿದ್ದ ಮೊಮ್ಮಗಳ ಮೇಲೆ ಬಸ್ಸು ನಿಲ್ಲಿಸುವ "ಹೋಲ್ಡಾನ್!" ಕೂಗು ಬೀಳುತ್ತಿತ್ತು. ಊರಿಗೆಲ್ಲ ಅವರು ಮಾವ. ಸ್ವಂತ ಸೊಸೆಗೂ ಮಾವನೇ ಆದ್ದರಿಂದ ಯಾರಿಗೂ ತಕರಾರಿರಲಿಲ್ಲ.

ಅವರ ಮನೆಯ ಎದುರಿಗೇ ನಮ್ಮ ರಸ್ತೆ ಇದ್ದಕ್ಕಿದ್ದಂತೆ ಇಕ್ಕಟ್ಟಾಗುತ್ತದೆ. ಒಂದು ಕಡೆ ಹಿಟ್ಟಿನ ಗಿರಣಿಯ ಗೋಡೆ, ಇನ್ನೊಂದು ಕಡೆ ಶಾಲೆಯ ಕಾಂಪೌಂಡು. ನಡುವೆ ಒಂದು ಗಾಡಿ ನುಗ್ಗಿದರೆ ನಾಯಿಗೂ ಜಾಗವಿಲ್ಲ. ಮೇಲಾಗಿ ತಿರುವು; ಆ ಕಡೆಯವನಿಗೆ ಈ ಕಡೆಯವನು ಕಾಣುವುದಿಲ್ಲ. ಮಾವ ಬೆಳಿಗ್ಗೆ ಸಂಜೆ ಅಲ್ಲಿ ನಿಲ್ಲುತ್ತಿದ್ದರು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಂದು ಕೈ ಎತ್ತಿದರೆ ಹಾಲಿನ ಲಾರಿ ನಿಲ್ಲುತ್ತಿತ್ತು, ಇನ್ನೊಂದು ಕೈ ಬೀಸಿದರೆ ಶಾಲೆಯ ವ್ಯಾನು ಹೊರಡುತ್ತಿತ್ತು. ರಿಟೈರಾದ ಗಂಡಸು ಮನೆಯಲ್ಲಿ ಕೂತು ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವುದಕ್ಕಿಂತ ಇದು ವಾಸಿ ಎಂದು ನಾವೂ ಸುಮ್ಮನಿದ್ದೆವು.

ಹೀಗಿರುವಾಗ ಊರಾಚೆಯ ಬಯಲಿನಲ್ಲಿ ದೊಡ್ಡ ಬಡಾವಣೆ ಬರುತ್ತದೆಂಬ ಸುದ್ದಿ ಬಂತು. ನಮ್ಮಂಥ ನಾಲ್ಕು ಊರು ಹಿಡಿಸುವಷ್ಟು ಮನೆಗಳು. ಅಷ್ಟೂ ಮನೆಯ ಕಾರು, ಸ್ಕೂಟರುಗಳಿಗೆ ಇದೊಂದೇ ದಾರಿ. ಕಟ್ಟಬೇಡಿ ಎಂದು ನಾವು ಹೇಳಲಿಲ್ಲ, ಜನಕ್ಕೆ ಸೂರು ಬೇಕಲ್ಲ. ಬಯಲಿನ ಹಿಂದಿನಿಂದ ಹೆದ್ದಾರಿಗೆ ಬೇರೆ ರಸ್ತೆ ಮಾಡಿ, ಆಮೇಲೆ ಕಟ್ಟಿ ಎಂದೆವು. ಈ ಹೋರಾಟಕ್ಕೆ ಮುಂದೆ ನಿಂತವಳು ಮಾವನ ಸೊಸೆ. ಅವಳು ಟೈಲರ್. ಅವಳ ಮಗಳು ದಿನಾ ಗಿರಣಿ ಗೋಡೆಗೆ ಬೆನ್ನು ಒತ್ತಿಕೊಂಡು ಶಾಲೆಗೆ ಹೋಗಬೇಕು. ಹೊಲಿಗೆ ಬದಿಗಿಟ್ಟು ಮನೆಮನೆ ಸುತ್ತಿ, ಬಡಾವಣೆಗೆ ಒಪ್ಪಿಗೆ ಕೊಡುವ ಕಚೇರಿಯ ಮೆಟ್ಟಿಲು ಸವೆಸಿ, ಕೊನೆಗೆ ಒಬ್ಬ ಇಂಜಿನಿಯರು ಬಂದು ರಸ್ತೆ ನೋಡುವಂತೆ ಮಾಡಿದಳು.

"ಮಾವ, ನಾಳೆ ಒಂದಿನ ಆಚೆ ಬರ್ಬೇಡಿ," ಎಂದಳು ಹಿಂದಿನ ದಿನ. "ನೀವಿಲ್ದಿದ್ರೆ ಇಲ್ಲಿ ಏನಾಗುತ್ತೋ ಅದನ್ನ ಅವರು ಕಣ್ಣಾರೆ ನೋಡ್ಲಿ."

"ನಾನ್ಯಾಕಮ್ಮ ಬರ್ಲಿ? ನಂಗೇನು ಬೇರೆ ಕೆಲಸ ಇಲ್ವಾ?" ಎಂದರು ಮಾವ. ಇರಲಿಲ್ಲ.

ಮರುದಿನ ಇಂಜಿನಿಯರು ಗಿರಣಿಯ ಜಗಲಿಯ ಮೇಲೆ ನಿಂತರು, ಪಕ್ಕದಲ್ಲಿ ಸೊಸೆ. ನಾವಂದುಕೊಂಡ ಹಾಗೇ ಆಯಿತು. ಹಾಲಿನ ಲಾರಿಯೂ ಶಾಲೆಯ ವ್ಯಾನೂ ಮೂತಿಗೆ ಮೂತಿ ಕೊಟ್ಟು ನಿಂತವು. ಹಿಂದೆ ಸಾಲು ಬೆಳೆಯಿತು, ಹಾರನ್ನಿನ ಸದ್ದು ಕಿವಿ ಹರಿಯಿತು, ಮಕ್ಕಳು ಅಳತೊಡಗಿದರು. ಸೊಸೆಯ ಮುಖ ಅರಳಿತು. ಮಾವ ಕಿಟಕಿಯ ಹಿಂದೆ ಕೂತಿದ್ದರು. ಅವರ ಕೈ ಮಾತ್ರ ತನ್ನಷ್ಟಕ್ಕೆ ತಾನೇ ಬೀಸುತ್ತಿತ್ತು. ಅಷ್ಟರಲ್ಲಿ ಯಾವನೋ ಹೊರಗಿನ ಡ್ರೈವರು ತಲೆ ಹೊರಹಾಕಿ ಕೂಗಿದ: "ಎರಡು ಗಾಡಿ ಬಿಡಿಸೋಕೆ ಬರೋ ಒಬ್ಬ ಗಂಡಸೂ ಇಲ್ವೇನ್ರೀ ಈ ಊರಲ್ಲಿ?"

ಮಾವ ಮನೆಯ ಚಪ್ಪಲಿಯಲ್ಲೇ ಇಳಿದುಬಂದರು. "ಹೋಲ್ಡಾನ್! ಲಾರಿ ಹಿಂದೆ, ಇನ್ನೂ ಹಿಂದೆ, ಸಾಕು. ವ್ಯಾನ್ ಬಾ, ಎಡಕ್ಕೆ ಎಳ್ಕೋ, ರೈಟ್!" ಅಷ್ಟು ದೊಡ್ಡ ಗೋಜಲು ಹೂವೆತ್ತಿದ ಹಾಗೆ ಬಿಡಿಸಿಕೊಂಡಿತು.

ಇಂಜಿನಿಯರು ಕೆಳಗಿಳಿದು ಬಂದು ಕೈ ಕುಲುಕಿದರು. "ನನ್ನ ಸರ್ವಿಸ್‌ನಲ್ಲೇ ಇಂಥ ಕೆಲಸ ನೋಡಿಲ್ಲ ಯಜಮಾನ್ರೇ!" ಬಸ್ಸಿನಲ್ಲಿದ್ದಷ್ಟು ಕಾಲ ಮಾವನಿಗೆ ಸಿಕ್ಕಿದ್ದು ಚಿಲ್ಲರೆಯ ಜಗಳ, ನಿಲ್ಲಿಸಲಿಲ್ಲವೆಂಬ ಬೈಗುಳ. ಹೊಗಳಿದವರು ಇವರೊಬ್ಬರೇ. ಮಾವ ಉಬ್ಬಿಹೋದರು.

"ಗಾಡಿ ಇನ್ನೂ ಜಾಸ್ತಿಯಾದ್ರೆ?" ಎಂದರು ಇಂಜಿನಿಯರು.

ಸೊಸೆ ಕೆಮ್ಮಿದಳು. ಕಣ್ಣು ದೊಡ್ಡದು ಮಾಡಿದಳು.

"ಎಷ್ಟು ಬೇಕಾದ್ರೂ ಬರ್ಲಿ ಬಿಡಿ ಸಾರ್! ರಸ್ತೆ ಏನ್ಮಾಡುತ್ತೆ ಪಾಪ? ನಿಭಾಯಿಸೋರು ಇರ್ಬೇಕು ಅಷ್ಟೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಊರಿನವರನ್ನು ಕರೆದ ಸಭೆಯಲ್ಲಿ ಅದೇ ಇಂಜಿನಿಯರು ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ, ಬೇರೆ ರಸ್ತೆ ಬೇಕಿಲ್ಲ ಎಂದರು. ತಿರುವಿನಲ್ಲಿ ಒಬ್ಬ ಆಳು ನಿಂತರೆ ಸಾಕು, ನಿಮ್ಮೂರಿನ ಹಿರಿಯರೇ ನನಗೆ ಹೇಳಿದ್ದು ಎಂದು ಕೊನೆಯ ಸಾಲಿನ ಕಡೆ ಕೈ ತೋರಿಸಿದರು. ಇಡೀ ಸಭೆ ತಿರುಗಿ ಮಾವನನ್ನು ನೋಡಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು ಎಂದು ಆಮೇಲೆ ಅವರೇ ನನ್ನ ಹತ್ತಿರ ಹೇಳಿದರು. ಒಬ್ಬ ಮುದುಕ ಬಾಯಿ ಮುಚ್ಚಿಕೊಂಡಿದ್ದರೆ ರಸ್ತೆ ಅಗಲವಾಗಿಬಿಡುತ್ತಿತ್ತೇ? ಆದರೆ ಇಂಜಿನಿಯರ ಮುಂದೆ ದನಿ ಎತ್ತಲಾಗದ ನಾವು ಮಾವನ ಮೇಲೆ ಮುನಿಸಿಕೊಂಡೆವು. ಅದು ಸುಲಭ.

ಸೊಸೆ ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. "ಊಟಕ್ಕೆ ಬನ್ನಿ ಮಾವ" ಎನ್ನುತ್ತಿದ್ದವಳು "ಊಟ ಇಟ್ಟಿದೆ" ಎನ್ನತೊಡಗಿದಳು, ಅಷ್ಟೇ. ಮಾವ ತಿರುವಿಗೆ ಹೋಗುವುದನ್ನು ಬಿಟ್ಟು, ಕಿಟಕಿ ಮುಚ್ಚಿ ಒಳಗೆ ಕೂತರು. ಅವಮಾನಕ್ಕೆ ಬಾಗಿಲು ಹಾಕಿದರೆ ಅದು ಹೊರಗುಳಿಯುತ್ತದೆಯೇ?

ಜಲ್ಲಿ, ಮರಳಿನ ಲಾರಿಗಳು ಶುರುವಾದವು. ಒಂದು ದಿನ ಮೊಮ್ಮಗಳು ಮೊಣಕೈ ತರಚಿಕೊಂಡು, ಯೂನಿಫಾರ್ಮಿನ ತೋಳು ಹರಿದುಕೊಂಡು ಬಂದಳು. ಲಾರಿ ಬಂತು, ಗೋಡೆಗೆ ಒತ್ತಿಕೊಂಡೆ ಎಂದಳು. ಸೊಸೆ ಮಷಿನ್ನಿನ ಮುಂದೆ ಕೂತು ಆ ತೋಳು ಹೊಲಿಯುತ್ತ, ತಲೆ ಎತ್ತದೆ ಹೇಳಿದಳು: "ನಾಳೆಯಿಂದ ಹೋಗಿ ನಿಂತ್ಕೊಳ್ಳಿ. ಹೆಂಗೂ ಒಪ್ಕೊಂಡಿದ್ದೀರಲ್ಲ."

ಮಾವ ಹೋಗಿ ನಿಂತರು. ಈಗ ಕೂಗುವುದಿಲ್ಲ, ಕೈ ಮಾತ್ರ ಎತ್ತುತ್ತಾರೆ. ಡ್ರೈವರುಗಳ ಮುಖ ನೋಡುವುದಿಲ್ಲ, ಟೈರುಗಳನ್ನೇ ನೋಡುತ್ತಾರೆ. ನಾವು ಪಕ್ಕದಲ್ಲಿ ಹಾದುಹೋದರೆ ಗಿರಣಿಯ ಕಡೆ ತಿರುಗಿಕೊಳ್ಳುತ್ತಾರೆ.

ಮೊನ್ನೆ ಸೊಸೆ ತಾನೇ ಮಗಳನ್ನು ಕರೆದುಕೊಂಡು ಬಂದಳು. ಮಾವ ಜಲ್ಲಿ ಲಾರಿಯೊಂದನ್ನು ತಡೆದು ಇಬ್ಬರನ್ನೂ ದಾಟಿಸಿದರು. ಲಾರಿಯ ಡ್ರೈವರು ಒಳ್ಳೆಯ ಹುಡುಗ, ಮನಸ್ಸಿನಲ್ಲಿ ಏನೂ ಇಲ್ಲದೆ, ನಗುತ್ತ, ಕೈ ಮುಗಿದು ಹೇಳಿದ: "ನೀವೊಬ್ರು ಇಲ್ದಿದ್ರೆ ಈ ಬಡಾವಣೆ ಕೆಲಸ ಆಗ್ತಾನೇ ಇರ್ಲಿಲ್ಲ ಬಿಡಿ ಯಜಮಾನ್ರೇ!"

ಸೊಸೆ ಮಗಳ ಕೈ ಹಿಡಿದು ನಿಂತಲ್ಲೇ ನಿಂತಳು. ಮಾವ ಅವಳ ಕಡೆ ನೋಡಲಾರದೆ ಲಾರಿಗೆ ದಾರಿ ಬಿಟ್ಟರು.