ನೆಗೆಟಿವ್ ಇಲ್ಲದ ಫೋಟೋ

ಮಗಳ ಜಾತಕದ ಜೊತೆ ಕಳಿಸಲು ಫೋಟೋ ಬೇಕೆಂದು ಶಂಕರಪುರಂನ ಮೇಷ್ಟ್ರೊಬ್ಬರು ನನ್ನನ್ನು ಮನೆಗೆ ಕರೆಸಿದ್ದರು. ನನ್ನ ಡಿಜಿಟಲ್ ಕ್ಯಾಮೆರಾ ನೋಡಿ ಅವರ ಮುಖ ಸಪ್ಪಗಾಯಿತು.

"ತಕ್ಷಣ ಫೋಟೋ ಹೊರಗೆ ಬರೋ ಆ ಹಳೇ ಕ್ಯಾಮೆರಾ ತರ್ಲಿಲ್ವಾ?"

"ಅದರ ಫಿಲಂ ಎಲ್ಲೂ ಸಿಗ್ತಿಲ್ಲ ಸಾರ್. ಇದ್ರಲ್ಲಿ ಎಷ್ಟು ಕಾಪಿ ಬೇಕಾದ್ರೂ ತೆಗೀಬಹುದು."

"ಅದೇ ಬೇಡ! ಅದಕ್ಕೆ ನೆಗೆಟಿವ್ ಇರ್ತಿರ್ಲಿಲ್ಲ, ಇದ್ದಿದ್ದೇ ಒಂದು ಫೋಟೋ. ಸಂಬಂಧ ಕೂಡದಿದ್ರೆ ವಾಪಸ್ ಇಸ್ಕೊಂಡ್ರೆ ಮುಗೀತು. ಹುಡುಗಿ ಫೋಟೋ ಯಾರ ಮನೇಲೂ ಉಳೀತಿರ್ಲಿಲ್ಲ."

ಜನ ಆ ಕ್ಯಾಮೆರಾ ಕೇಳುತ್ತಿದ್ದದ್ದು ಬರೀ ಆತುರಕ್ಕೆ ಅಂತ ನಾನು ಅಂದುಕೊಂಡಿದ್ದೆ!

ರೇಷ್ಮೆ ಸೀರೆ ಉಟ್ಟು ಕೂತಿದ್ದ ಮಗಳು ಕೇಳಿದಳು: "ಅಂದ್ರೆ, ವಾಪಸ್ ಬರತ್ತೆ ಅಂದ್ಕೊಂಡೇ ಕಳಿಸ್ತಿದ್ರಾ ಅಪ್ಪಾ?"

ಮೇಷ್ಟ್ರು ತಬ್ಬಿಬ್ಬಾದರು, ಅವಳು ನಕ್ಕಳು, ನಾನು ಕ್ಲಿಕ್ ಮಾಡಿದೆ.

ಆ ನಗು ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿದೆ. ಮೇಷ್ಟ್ರಿಗೆ ಹೇಳಿಲ್ಲ.